ಕುರಿಚಿಯಲ್ಲಿ ಸ್ಪ್ಯಾನಿಷ್

ಬೆಂಗಳೂರಿನ ಮಕ್ಕಳಿಗೆ ಈಗ ಸ್ಪ್ಯಾನಿಷ್ ಬರಬೇಕಂತೆ. ಯಾಕೆ ಎಂದು ಕೇಳುವ ಧೈರ್ಯ ನಮ್ಮಂಥವರಿಗಿಲ್ಲ. ಪಕ್ಕದ ಫ್ಲ್ಯಾಟಿನ ಹುಡುಗ ಜರ್ಮನ್ ಕಲಿಯುತ್ತಿದ್ದಾನೆ ಎಂಬ ಕಾರಣವೊಂದೇ ಸಾಕು. ನನ್ನ ಮಗಳ ಪಾಠ ಮೊಬೈಲಿನಲ್ಲಿ, ಡುವೋಲಿಂಗೋದ ಹಸಿರು ಗೂಬೆಯ ಉಸ್ತುವಾರಿಯಲ್ಲಿ. ಮದುವೆ, ಮುಂಜಿ, ಜ್ವರ ಯಾವ ಸಬೂಬೂ ಅದರ ಮುಂದೆ ನಡೆಯುವುದಿಲ್ಲ. ಹೆಂಡತಿಯ ದೊಡ್ಡಮ್ಮನನ್ನು ನೋಡಲು ನಾವು ಕೊಯಮತ್ತೂರಿಗೆ ಹೊರಟಾಗ ಗೂಬೆಯೂ ಟಿಕೆಟ್ಟಿಲ್ಲದೆ ರೈಲು ಹತ್ತಿತು.

ಸೇಲಂ ಬರುವಷ್ಟರಲ್ಲಿ ಎದುರು ಸೀಟಿನ ಯಜಮಾನರಿಗೂ ಸ್ಪ್ಯಾನಿಷ್ಷಿನಲ್ಲಿ ನೀರು ಕೇಳುವಷ್ಟು ಬಂದಿತ್ತು. ಈರೋಡಿನಲ್ಲಿ ಮಗಳು ತಲೆಯೆತ್ತಿ, "ಅಪ್ಪಾ, ಇವರಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು!" ಎಂದು ದೂರಿದಳು. ನಾವು ಎರಡನ್ನೂ 'ಅದು' ಎಂದು ಒಂದೇ ಪಂಕ್ತಿಯಲ್ಲಿ ಕೂರಿಸಿ ನಿಶ್ಚಿಂತೆಯಾಗಿದ್ದೇವೆ ಎಂದು ಸಮಾಧಾನ ಹೇಳಿದೆ.

ಉಕ್ಕಡಂ ಕಳೆದು, ನೊಯ್ಯಲ್ ಹೊಳೆ ದಾಟಿ ಪೊಳ್ಳಾಚಿ ರಸ್ತೆ ಹಿಡಿದರೆ ಕುರಿಚಿ. ದೊಡ್ಡ ಕೆರೆ, ಸಿಡ್ಕೋ ಕೈಗಾರಿಕಾ ಎಸ್ಟೇಟು, ಬಿಡುವಿಲ್ಲದ ಬಸ್ಸುಗಳು. 2011ರಲ್ಲಿ ಊರು ಕೊಯಮತ್ತೂರು ಮಹಾನಗರಪಾಲಿಕೆಗೆ ಸೇರಿತು. ದೊಡ್ಡಮ್ಮನದು ದೇವಾಂಗರ ಮನೆ. ಈ ಸೀಮೆಯ ಅನೇಕ ದೇವಾಂಗ ನೇಕಾರ ಕುಟುಂಬಗಳಲ್ಲಿ ಮನೆಮಾತು ತಲೆಮಾರುಗಳಿಂದ ಕನ್ನಡ, ಕುಲದೇವತೆ ಚೌಡೇಶ್ವರಿ, ಶಾಲೆ ಮಾತ್ರ ತಮಿಳು. ದೊಡ್ಡಮ್ಮ ತರಕಾರಿಯವನ ಜೊತೆ ಚೌಕಾಸಿ ಮಾಡುವುದು ತಮಿಳಿನಲ್ಲಿ, ಸೊಸೆಯನ್ನು ಗದರುವುದು ಕನ್ನಡದಲ್ಲಿ. ಬರೆಯಲು ಹೇಳಿದರೆ ಕನ್ನಡದ ಒಂದಕ್ಷರವೂ ಗೊತ್ತಿಲ್ಲ.

ಅವರ ಕನ್ನಡ ಬೇರೆ, ನನ್ನ ಮಗಳ ಕನ್ನಡ ಬೇರೆ. ಅವರದಕ್ಕೆ ತಮಿಳಿನ ಒಗ್ಗರಣೆ, ಇವಳದಕ್ಕೆ ಇಂಗ್ಲಿಷಿನದು. ಹೋಗಿ ಕುಳಿತದ್ದೇ ನಾನು ಮಧ್ಯೆ ಬಾಯಿ ಹಾಕಿ ಕನ್ನಡದಿಂದ ಕನ್ನಡಕ್ಕೆ ಅನುವಾದ ಶುರುಮಾಡಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ ಗ್ರೈಂಡರಿನ ಬೆಲ್ಟು ಸವೆದಿದೆ, ತಂದುಕೊಡಿ ಎಂದು ನನ್ನನ್ನು ಅಂಗಡಿಗೆ ಅಟ್ಟಿದರು. ಗ್ರೈಂಡರಿನ ತವರಾದ ಕೊಯಮತ್ತೂರಿನಲ್ಲಿ ಅಳಿಯನನ್ನು ಸಾಗಹಾಕಲು ಇದಕ್ಕಿಂತ ಮರ್ಯಾದೆಯ ದಾರಿಯಿಲ್ಲ.

ಮರಳಿದಾಗ ಮೊಬೈಲು ಮೂಲೆ ಸೇರಿತ್ತು. ಗೋಡೆಯ ಕ್ಯಾಲೆಂಡರಿನಿಂದ ಹರಿದ ದಿನದ ಹಾಳೆಗಳು ನೆಲದ ತುಂಬ. ಹಾಳೆಯ ಬೆನ್ನಿನ ಎಡಕ್ಕೆ ಅಜ್ಜಿಯ ತಮಿಳು ಅಕ್ಷರ, ಬಲಕ್ಕೆ ಮೊಮ್ಮಗಳ ಕನ್ನಡ ಅಕ್ಷರ. "ನಿಮ್ಮ ಅಕ್ಷರಕ್ಕೆಲ್ಲ ತಲೆಕಟ್ಟು ಯಾಕೆ? ಮದುವೆಗೆ ಹೊರಟಂಗಿದಾವೆ" ಎಂದು ಅಜ್ಜಿಯ ತಕರಾರು. ಮಗಳಿಗೋ ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ ಎಂದು ತಿಳಿದು ಪರಮಾನಂದ. ಉಕ್ತಲೇಖನದಲ್ಲಿ ಮಹಾಪ್ರಾಣದಿಂದ ಅಂಕ ಕಳೆದುಕೊಂಡವರಿಗೇ ಗೊತ್ತು ಆ ಸುಖ. "ಕ ಯಾವುದು, ಗ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ?" "ಓದು, ಬಾಯೇ ಹೇಳ್ತದೆ."

ಸಂಜೆ ಪರೀಕ್ಷೆ ಕೆರೆದಂಡೆಯಲ್ಲಿ. ಕುರಿಚಿ ಕೆರೆಯ ಬಳಿ ತಮಿಳು ಅಕ್ಷರಗಳನ್ನೇ ಜೋಡಿಸಿ ಮಾಡಿದ ತಿರುವಳ್ಳುವರ್ ಪ್ರತಿಮೆಯಿದೆ. 12 ಸ್ವರ, 18 ವ್ಯಂಜನ, 216 ಗುಣಿತಾಕ್ಷರ, ಒಂದು ಆಯ್ದಂ ಸೇರಿ ತಮಿಳಿನ ಅಕ್ಷರ 247. ಮಗಳು ಪ್ರತಿಮೆಯ ಸುತ್ತ ಸುತ್ತಿ 'ಕ' ಸಿಕ್ಕಿತು, 'ಮ' ಸಿಕ್ಕಿತು ಎಂದು ಕೂಗುತ್ತಿದ್ದಳು. ಇದೇ ಕವಿಯ ಪ್ರತಿಮೆ ನಮ್ಮ ಹಲಸೂರು ಕೆರೆಯ ಹತ್ತಿರ 18 ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟ್ 9ರಂದು ಮುಸುಕು ಸರಿಯಿತು. ನಾಲ್ಕು ದಿನ ಬಿಟ್ಟು ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಸರಕಾರಗಳಿಗೆ ಅಷ್ಟು ವರ್ಷ ಹಿಡಿದ ಕೊಡುಕೊಳ್ಳುವಿಕೆ ಅಜ್ಜಿ ಮೊಮ್ಮಗಳಿಗೆ ಬೆಲ್ಟು ತರುವಷ್ಟರಲ್ಲಿ ಮುಗಿದಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಮಗಳು ಅಜ್ಜಿಗೆ ಸ್ಪ್ಯಾನಿಷ್ ಮೇಜಿನ ಸಂಗತಿ ಹೇಳಿದಳು. ದೊಡ್ಡಮ್ಮ ಸಾರು ಬಡಿಸುತ್ತಲೇ, "ಹೆಣ್ಣೇ ಇರಬೇಕು. ಮನೆ ಭಾರವೆಲ್ಲ ಅದರ ಮೇಲೇ ಅಲ್ಲವಾ?" ಎಂದರು.

ಮಕ್ಕಳು ಸ್ಪ್ಯಾನಿಷ್ ಕಲಿಯಲಿ, ಬೇಡ ಅನ್ನುವವರು ಯಾರು? ಆದರೆ ಬರುವ ರಜೆಯಲ್ಲಿ ಗಡಿಯಾಚೆ ನೆಂಟರಿದ್ದರೆ ಒಂದು ದಿನವಾದರೂ ಅವರನ್ನು ಅಲ್ಲಿ ಬಿಡಿ. ಬಿಟ್ಟ ಮೇಲೆ ದಯವಿಟ್ಟು ದುಭಾಷಿಯಾಗಿ ನಡುವೆ ಕೂರಬೇಡಿ. ಅಂಗಡಿಯ ಕಡೆ ಹೋಗಿಬನ್ನಿ.