ಕುರ್ಚಿ ಕಟ್ಟಿ ಹಾಕೇತಿ ಅಣ್ಣಾರ

ನಿಮ್ಮನ್ನ ನೀವ ಸೋಮಾರಿ ಅಂತ ಬೈಕೋಬ್ಯಾಡ್ರಿ ಅಣ್ಣಾರ. ದಿನಾ ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಬೈಕ್ ಮ್ಯಾಲೆ ಹೋಗಿ, ಸಂಜಿತನಕ ಕಂಪ್ಯೂಟರ್ ಮುಂದ ಕುಂತು, ಹೊತ್ತು ಮುಣುಗಿದ ಮ್ಯಾಲೆ ಮನಿ ಸೇರೋರು ನೀವು. ಹೊಟ್ಟಿ ಬಂದೈತಿ, ಮೊಣಕಾಲು ಹಿಡಿತಾವ ಅಂದ್ರ ಅದರಾಗ ನಿಮ್ಮ ತಪ್ಪು ಎಷ್ಟೈತಿ? ನಡಿಯೋ ಕೆಲಸಾನ ನಿಮ್ಮ ಕೈಯಾಗಿಂದ ಹೋತು.

ನಿಮ್ಮ ಕಂದಾಯ ಕಚೇರಿಯ ಹಿಂದಿನ ತಲಾಟಿಗೋಳನ್ನ ನೆನಪ ಮಾಡ್ಕೋರಿ. ಬೆಳಿ ನೋಡಾಕ, ಬದು ನೋಡಾಕ, ಕಂದಾಯ ಕೇಳಾಕ ಹೊಲದಿಂದ ಹೊಲಕ್ಕ ಅಡ್ಡಾಡಬೇಕಿತ್ತು. ಯಾರ ಹೊಲದಾಗ ಗೋವಿನಜ್ವಾಳ, ಯಾರ ಹೊಲದಾಗ ಹತ್ತಿ ಅಂತ ಕಣ್ಣಾರೆ ನೋಡಿ ಪಹಣಿ ಬರಿಯೋರು. ದಫ್ತರ ಬಗಲಾಗ, ಕಾಲು ಹಾದ್ಯಾಗ. ಅದಕ್ಕ ವ್ಯಾಯಾಮ ಅಂತ ಯಾರೂ ಹೆಸರಿಟ್ಟಿರಲಿಲ್ಲ. ಪಗಾರದ ಕೆಲಸದಾಗ ಅದೂ ಸೇರಿತ್ತು. ಆಮ್ಯಾಲೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಹೆಚ್ಚೂಕಡಿಮಿ 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದುವು, 2002ರ ಹೊತ್ತಿಗೆ ಕೈಬರಹದ ಕಾಲ ಮುಗೀತು. ರೈತರಿಗೆ ಅದರಿಂದ ಭಾಳ ಛಲೋ ಆತು, ಅದನ್ನ ಯಾರೂ ಅಲ್ಲಗಳಿಯಾಂಗಿಲ್ಲ. ಆದ್ರ ಕೆಲಸ ಹೊಲ ಬಿಟ್ಟು ಪರದೆಗೆ ಬಂತಲ್ರಿ. ಆ ತಲಾಟಿಗೋಳ ಜಾಗದಾಗ ಈಗಿರೋ ಗ್ರಾಮ ಆಡಳಿತಾಧಿಕಾರಿಗಳ ಮೊಬೈಲ್‌ನಾಗ ಆಪ್ ಮ್ಯಾಲೆ ಆಪ್. ಆ ಹೊರಿ ತಾಳಲಾರದ, ಕುಂದ್ರಾಕ ಸರಿಯಾದ ಕಚೇರಿನೂ ಇಲ್ಲ ಅಂತ 2024ರ ಸೆಪ್ಟೆಂಬರ್‌ನಾಗ ರಾಜ್ಯದ ತುಂಬ ಅವರು ಮುಷ್ಕರ ಹೂಡಿದ್ರು.

ಕೆಲಸಾನ ಮನಷ್ಯಾನ್ನ ಆಡಸ್ತೈತಿ, ಕೆಲಸಾನ ಕುಂದ್ರಸ್ತೈತಿ. ಲಂಡನ್ನಿನಾಗ ಜೆರ್ರಿ ಮಾರಿಸ್ ಅನ್ನೋ ಡಾಕ್ಟರು ಎರಡಂತಸ್ತಿನ ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳನ್ನ ಹೋಲಿಸಿ ನೋಡಿ 1953ರಾಗ ಬರದ್ರು: ದಿನಾ ಮೆಟ್ಲಾ ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಬ್ಯಾನಿ ಕಡಿಮಿ, ಕುಂತ ಓಡಸೋ ಡ್ರೈವರ್‌ಗಳಿಗೆ ಜಾಸ್ತಿ. ಕಂಡಕ್ಟರು ಆರೋಗ್ಯ ಬೇಕಂತ ಮೆಟ್ಲಾ ಹತ್ತಲಿಲ್ರಿ, ಟಿಕೀಟು ಕೊಡಾಕ ಹತ್ತಿದ್ರು.

ಮುಂಜಾನೆದ್ದು ನಡೀರಿ ಅಂತ ಹೇಳೋರಿಗೇನು, ಹೇಳ್ತಾರ. ರಸ್ತೆ ಬದಿಗೆ ಕಾಲಿಡಾಕ ಜಾಗ ಬೇಕಲ್ಲ? ಟ್ರ್ಯಾಕ್ಟರ್ ಬಂದ್ರ ಮುಳ್ಳಕಂಟ್ಯಾಗ ಸರೀಬೇಕು. ಏಪ್ರಿಲ್ ಬಿಸಲಿನಾಗ ಒಂಬತ್ತಕ್ಕ ನೆತ್ತಿ ಸುಡತೈತಿ. ಇನ್ನ ನೌಕರಿ ಮಾಡೋ ಹೆಣ್ಮಕ್ಕಳ ಪಾಡು ಕೇಳಲೇಬ್ಯಾಡ್ರಿ. ನಮ್ಮ ವೈನಿ ರೊಟ್ಟಿ ಬಡದು, ಹುಡುಗ್ರ ಡಬ್ಬಿ ಕಟ್ಟಿ, ಬಸ್ಸಿಗೆ ಓಡತಾರ. ಅವರಿಗೆ ವಾಕಿಂಗ್ ಹೋಗ್ರಿ ಅನ್ನೋಕಿಂತ ಮುಂಜಾನಿ ಕೆಲಸದಾಗ ಅರ್ಧ ನೀವು ಹಿಡೀರಿ. ಕಸ ಹೊಡಿಯೋದು, ನೀರು ತರೋದು ನಿಮಗೂ ಲೆಕ್ಕಕ್ಕ ಬರತೈತಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕ ಕಡಿಮಿ ಅಂದ್ರ 150 ನಿಮಿಷ ಮೈ ಆಡಲಿ ಅಂತೈತಿ. ಮೊದಲು ಹತ್ತು ನಿಮಿಷ ಒಂದ ಸವನ ಆಡಿದ್ರಷ್ಟ ಲೆಕ್ಕ ಅಂತಿದ್ರು, 2020ರಾಗ ಆ ಕಟ್ಟು ತಗದ್ರು. ಈಗ ಬಿಡಿ ಬಿಡಿ ನಿಮಿಷಾನೂ ಲೆಕ್ಕ.

ಆಯುಷ್ ಸಚಿವಾಲಯದವರು ಕಚೇರಿ ಮಂದಿಗಂತ ಐದು ನಿಮಿಷದ ಯೋಗ, ‘ವೈ-ಬ್ರೇಕ್’ ಅಂತ ತಂದಾರ. ಛಲೋ ಐತಿ. ಆದ್ರ ಕಿಟಕಿ ಮುಂದ ರೈತರು ಪಾಳಿ ಹಚ್ಚಿ ನಿಂತಾಗ ಒಬ್ಬರ ಎದ್ದು ಕೈ ಮ್ಯಾಲೆತ್ತಿದ್ರ ನೋಡೋರು ಏನಂದಾರು ಅನ್ನೋ ಅಂಜಿಕಿ. ಸಾಹೇಬ್ರು ಮೊದಲು ಏಳಬೇಕು, ಆಗ ಎಲ್ರೂ ಏಳತಾರ. ಸರ್ವರ್ ನಿಂತಾಗ ಕುರ್ಚ್ಯಾಗ ಕುಂತು ಮೊಬೈಲ್ ತಗಿಯೋ ಬದಲಿ ಅಂಗಳದಾಗ ಎರಡು ಸುತ್ತು ಹಾಕ್ರಿ. ಫೈಲು ನೀವ ಎದ್ದು ತರ್ರಿ, ಜವಾನರನ್ನ ಕೂಗಬ್ಯಾಡ್ರಿ.

ಎಲ್ಲಾಕಿಂತ ಸಲೀಸು ಬಸ್ಸು. ನಮ್ಮೂರ ಹೆಣ್ಮಕ್ಕಳಿಗೆ 2023ರ ಜೂನ್‌ದಿಂದ ಶಕ್ತಿ ಯೋಜನೆಯಾಗ ಟಿಕೀಟಿಗೆ ರೊಕ್ಕಿಲ್ಲ, ನಿಮಗೂ ಪೆಟ್ರೋಲ್‌ಗಿಂತ ಹೆಚ್ಚಿಗಿ ಆಗಾಂಗಿಲ್ಲ. ಬಸ್ಸಿಗೆ ಹೋಗೋರು ಇತ್ತ ಮನಿಯಿಂದ ನಿಲ್ದಾಣಕ್ಕ, ಅತ್ತ ನಿಲ್ದಾಣದಿಂದ ಕಚೇರಿಗೆ ತಮಗ ಗೊತ್ತಿಲ್ಲದ ನಡೀತಾರ. ಸೋಮಾರದಿಂದ ವಾರದಾಗ ಎರಡು ದಿನ ಬೈಕ್ ಮನ್ಯಾಗ ಬಿಡ್ರಿ. ಕಚೇರಿ ವ್ಯಾಳ್ಯಾಕ್ಕ ಸರಿಯಾಗಿ ಯಾವ ಬಸ್ ಐತಿ ಅಂತ ಇವತ್ತ ಸಂಜಿಗೆ ಸ್ಟ್ಯಾಂಡಿನಾಗ ಕೇಳಿ ಬಂದು ಹೇಳ್ತೀನಿ.