ಬಂಡ್ರಿ ಕುಕ್ಕುಟ ವಂಶಾವಳಿ ವಿಚಾರ

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ತಿಪ್ಪೆ ಕೆದರುವ ಜವಾರಿ ಕೋಳಿಯ ಮೂಲಪುರುಷ ಯಾರು ಎಂಬುದೇ ಈ ಪ್ರಬಂಧದ ಜಿಜ್ಞಾಸೆ. ಇಷ್ಟು ಗಹನವಾದ ವಿಷಯವನ್ನು ಹಿಂದಿನ ವಿದ್ವಾಂಸರು ಮುಟ್ಟದೆ ಬಿಟ್ಟದ್ದಕ್ಕೆ ಕಾರಣ ಒಂದೇ: ಅವರು ಪ್ರಶ್ನೆ ಎತ್ತುವಷ್ಟರಲ್ಲಿ ಸಾರು ಕುದಿದಿರುತ್ತಿತ್ತು.

ಮೊದಲು ಪೂರ್ವಪಕ್ಷ. ಕಟ್ಟೆಯ ಪಂಡಿತರ ಪ್ರಕಾರ ಸಂಡೂರಿನ ಕಾಡಿನಲ್ಲಿ ಕೂಗುವ ಕಾಡುಕೋಳಿಯೇ ನಮ್ಮ ಕೋಳಿಯ ಮುತ್ತಾತ. ಕಾಡು ಹತ್ತಿರ, ಮುಖಚಹರೆ ಒಂದೇ, ಸಾಲದ್ದಕ್ಕೆ ಬೆಟ್ಟದ ಮೇಲಿನ ಕುಮಾರಸ್ವಾಮಿಯ ಬಾವುಟದಲ್ಲೇ ಹುಂಜ ಕೂತಿದೆ. ದೇವರ ಧ್ವಜದಲ್ಲಿರುವವನನ್ನು ಅಜ್ಜ ಎನ್ನಲು ಯಾರಿಗೆ ಬೇಸರ?

ಸಿದ್ಧಾಂತ ಇಷ್ಟು ಉದಾರವಾಗಿಲ್ಲ. ಸಾಕುಕೋಳಿಗಳೆಲ್ಲ ಕೆಂಪು ಕಾಡುಕೋಳಿಯ ಸಂತಾನವೆಂದು ಡಾರ್ವಿನ್ 1868ರಲ್ಲೇ ತೀರ್ಪು ಕೊಟ್ಟಾಗಿದೆ. ನಮ್ಮ ಕಾಡಿನದು ಬೂದು ಕಾಡುಕೋಳಿ. ಅದರ ಕೂಗೂ 'ಕುಕ್-ಕಾಯಾ-ಕಾಯಾ-ಕುಕ್' ಎಂದು ಮುರಿದು ಮುರಿದು ಬರುತ್ತದೆ, ಊರ ಹುಂಜಕ್ಕೆ ತಾಳೆಯಾಗುವುದಿಲ್ಲ. ಕೆಂಪು ಕೋಳಿ ಹಿಮಾಲಯದ ಬುಡದಿಂದ ಮಧ್ಯಭಾರತದ ಸಾಲಕಾಡಿನವರೆಗೆ ಬಂದು ನಿಂತಿದೆ, ತುಂಗಭದ್ರೆಯ ನೀರು ಕುಡಿದಿಲ್ಲ. "ಅದಿರು ಲಾರಿಯ ಧೂಳು ಬಿದ್ದ ಮೇಲೆ ಸಂಡೂರಿನಲ್ಲಿ ಕೆಂಪಲ್ಲದ ಜೀವಿ ಯಾವುದಿದೆ?" ಎಂದು ಪೂರ್ವಪಕ್ಷಿ ಕೆಣಕಬಹುದು. ವಾದ ಬಲವಾದದ್ದೇ, ಒಂದು ಮಳೆಗೆ ತೊಳೆದುಹೋಗುತ್ತದೆ, ಅಷ್ಟೆ.

ಇನ್ನೂ ಕಹಿಯಾದ ಸಂಗತಿ ಮುಂದಿದೆ. 2020ರಲ್ಲಿ ಎಂಟುನೂರಕ್ಕೂ ಹೆಚ್ಚು ಕೋಳಿಗಳ ಜೀನೋಮ್ ಓದಿದವರು, ಮೂಲಮನೆ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಕಡೆಯದು ಎಂದುಬಿಟ್ಟರು. ಎರಡು ವರ್ಷದ ನಂತರ ಥಾಯ್ಲೆಂಡಿನ ಬಾನ್ ನಾನ್ ವಾಟ್‌ನ ಮೂಳೆಗಳನ್ನು ಮುಂದಿಟ್ಟುಕೊಂಡು ಇನ್ನೊಂದು ತಂಡ, ಭತ್ತ ಸಿರಿಧಾನ್ಯದ ಕಾಳಿನಾಸೆಗೆ ಈ ಹಕ್ಕಿ ಕಾಡು ಬಿಟ್ಟು ಊರು ಸೇರಿತು ಎಂದಿತು. ಅಂದರೆ ಮಹಾಪ್ರಸ್ಥಾನಕ್ಕೆ ಕಾರಣ ಹೊಟ್ಟೆ. ಪ್ರಬಂಧಕಾರನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಹಾಗಾದರೆ ಬೂದು ಕೋಳಿಗೂ ನಮಗೂ ಸಂಬಂಧವೇ ಇಲ್ಲವೆ? ಉಂಟು. 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು, ಸಾಕುಕೋಳಿಯ ಹಳದಿ ಚರ್ಮದ ಜೀನ್ ಕೆಂಪು ಕೋಳಿಯದಲ್ಲ, ಬೂದು ಕೋಳಿಯ ಕಡೆಯಿಂದ ಬಂದದ್ದೇ ಹೆಚ್ಚು ಸಂಭವ ಎಂದು ತೋರಿಸಿದರು. ತಿಂದ ಮೆಕ್ಕೆಜೋಳದ ಹಳದಿಯನ್ನು ಚರ್ಮದಲ್ಲಿ ಉಳಿಸಿಕೊಳ್ಳುವ ಗುಣ ಅದು. ಆದ್ದರಿಂದ ಸಂಡೂರಿನ ಕಾಡುಕೋಳಿ ಅಜ್ಜನಲ್ಲದಿದ್ದರೂ ಬೀಗರ ಪೈಕಿ. ಬೀಗರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲುಂಟು. ಊರ ನೆಂಟನಿಗೆ ಬೆಳ್ಳುಳ್ಳಿ, ಒಣಕೊಬ್ಬರಿಯ ಕಾವಲು.

ಇಲ್ಲೊಂದು ವಿಧಾನದ ತೊಡಕಿದೆ. ಜವಾರಿ ಕೋಳಿಯ ಪುಕ್ಕ ಕಿತ್ತು, ಅರಿಶಿಣ ಸವರಿ, ಬೆಂಕಿಯಲ್ಲಿ ಸುಡುವುದು ನಮ್ಮ ರೂಢಿ. ಚರ್ಮದಲ್ಲಿ ಕಾಣುವ ಹಳದಿ ಬೀಗರದೋ ಅರಿಶಿಣದ್ದೋ? ಸಾಕ್ಷ್ಯ ಒಲೆಯ ಮುಂದೆಯೇ ಕಲಬೆರಕೆ. ಅಂಗಡಿಯಲ್ಲಿ ಕೊಂಡರೆ ಇನ್ನೂ ಕಷ್ಟ. "ಸ್ಕಿನ್ ಬೇಕಾ, ಬ್ಯಾಡಾ?" ಎಂದು ಕೇಳುತ್ತಾರೆ, ಬ್ಯಾಡ ಎಂದ ಗಳಿಗೆಯಲ್ಲೇ ಬೀಗತನದ ಏಕೈಕ ದಾಖಲೆ ಬಕೀಟಿಗೆ ಬೀಳುತ್ತದೆ. ಹಂಪಿಯಲ್ಲಿ ಕಂಡಕಂಡಲ್ಲಿ ಸಂರಕ್ಷಿತ ಸ್ಮಾರಕದ ಫಲಕ ನೆಟ್ಟಿರುವ ಪುರಾತತ್ವ ಇಲಾಖೆ ಈ ಬಕೀಟಿನ ವಿಷಯದಲ್ಲಿ ತಾಳಿರುವ ಮೌನ ಖಂಡನೀಯ. ಫಲಕ ನೆಡುವ ಮುನ್ನ ಬೀದಿನಾಯಿಗಳ ಆಕ್ಷೇಪಣೆಯನ್ನು ಕಡ್ಡಾಯವಾಗಿ ಆಲಿಸತಕ್ಕದ್ದು.