ಜೀರ್ಣಲಾರ್ಯುದ್ಧಾರ ಮೀಮಾಂಸೆ

ಶಾಸ್ತ್ರವೆನಿಸಿಕೊಳ್ಳಬಯಸುವ ಯಾವ ಗ್ರಂಥವೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಆದಿಯಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪೂರ್ವಸೂರಿಗಳ ಕಟ್ಟಳೆಯಾದುದರಿಂದ, ಹಳೆಯ ಲಾರಿಯೊಂದನ್ನು ಕೊಂಡು ಅದನ್ನು ಸಂಚಾರಗೃಹವನ್ನಾಗಿ ಮಾರ್ಪಡಿಸುವ ವಿದ್ಯೆಯನ್ನು ಕುರಿತ ಈ ಪ್ರಬಂಧವೂ ಅದೇ ಜಾಡಿನಲ್ಲಿ ಹೊರಡುತ್ತದೆ. ಇಲ್ಲಿ ವಿಷಯವೆಂದರೆ ಟಾಟಾ 1210 ಎಂಬ ಲಾರಿ. ಅಧಿಕಾರಿಯೆಂದರೆ, ನಿವೃತ್ತಿಯ ಹಣ ಕೈಸೇರಿದ, ಪಾನಾ ಹಿಡಿದು ಅಭ್ಯಾಸವಿಲ್ಲದ, ಬೇಡವೆನ್ನುವವರ ಮಾತು ಕಿವಿಗೆ ಬೀಳದ ಗೃಹಸ್ಥ. ಸಂಬಂಧವೆಂಬುದು ಇವರಿಬ್ಬರ ನಡುವೆ ದಲ್ಲಾಳಿಯು ಕಮಿಷನ್ನಿಗೆ ಏರ್ಪಡಿಸಿಕೊಡುವಂಥದು. ಪ್ರಯೋಜನದ ವಿಚಾರದಲ್ಲಿ ಪ್ರಾಚೀನರು ಮೌನವಾಗಿದ್ದಾರೆ. ನಾವೂ ಅವರನ್ನೇ ಅನುಸರಿಸುತ್ತೇವೆ.

ವಿಷಯದ ವಂಶಾವಳಿಯು ಸತ್ಕುಲದ್ದು. 1954ರಲ್ಲಿ ಟೆಲ್ಕೋ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್‌ನೊಡನೆ 15 ವರ್ಷಗಳ ಕರಾರು ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ಕಟ್ಟತೊಡಗಿದ ಕಾಲದಲ್ಲಿ ಅವುಗಳ ಲಲಾಟದಲ್ಲಿ ಮೂರು ಮೊನೆಯ ನಕ್ಷತ್ರವು ವಿರಾಜಿಸುತ್ತಿತ್ತು. 1969ರಲ್ಲಿ ಕರಾರು ಮುಗಿಯಲು ನಕ್ಷತ್ರವು ಅಸ್ತಂಗತವಾಯಿತು, ಲಾರಿಗಳು ಉಳಿದುವು. ನಾಮಧೇಯಗಳಲ್ಲಿ ಗೂಢಾರ್ಥವೇನೂ ಇಲ್ಲ: 1210ರಲ್ಲಿ ಮೊದಲೆರಡು ಅಂಕೆಗಳು 12 ಟನ್ನುಗಳ ಒಟ್ಟು ತೂಕವನ್ನೂ ಉಳಿದೆರಡು ನೂರರ ಆಸುಪಾಸಿನ ಅಶ್ವಶಕ್ತಿಯನ್ನೂ ಸೂಚಿಸುತ್ತವೆ, 697 ಎಂಬ ಇಂಜಿನ್ನಿಗೆ ಆರು ಸಿಲಿಂಡರು, ಒಂದೊಂದರ ವ್ಯಾಸ 97 ಮಿ.ಮೀ. ಹೀಗೆ ಹೆಸರಿನಲ್ಲಿಯೇ ಲಕ್ಷಣವನ್ನು ಹೇಳಿಕೊಳ್ಳುವ ಸತ್ಯಸಂಧತೆಯು ಮನುಷ್ಯಕುಲದಲ್ಲಿ ಕಾಣಬರುವುದಿಲ್ಲ.

ಇನ್ನು ಪ್ರಮಾಣವಿಚಾರ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿರಬೇಕೆಂದು ಊಹಿಸಿ ತೃಪ್ತರಾದ ತಾರ್ಕಿಕರಲ್ಲಿ ಒಬ್ಬನಾದರೂ ಆ ಹೊಗೆಯ ಬಣ್ಣವೇನೆಂದು ಕೇಳದೆ ಹೋದುದು ಭಾರತೀಯ ತರ್ಕಶಾಸ್ತ್ರದ ಇತಿಹಾಸದಲ್ಲಿ ಶೋಚನೀಯವಾದ ಲೋಪ. ಹೊಗೆ ಕಪ್ಪಗಿದ್ದರೆ ನಾಜಲ್‌ಗಳು ಡೀಸೆಲನ್ನು ಸಣ್ಣಗೆ ಸಿಂಪಡಿಸುತ್ತಿಲ್ಲ, ಇಲ್ಲವೆ ಏರ್ ಫಿಲ್ಟರು ಕಟ್ಟಿಕೊಂಡಿದೆ, ಇದು ಸಾಧ್ಯವ್ಯಾಧಿ. ನೀಲಿಯಾಗಿದ್ದರೆ ರಿಂಗುಗಳು ಸವೆದು ಆಯಿಲ್ ಸುಡುತ್ತಿದೆ, ಇದು ಧನಸಾಧ್ಯವ್ಯಾಧಿ. ಬಿಳಿಯ ಹೊಗೆಯು ಚಳಿಗಾಲದ ಮುಂಜಾನೆಯಲ್ಲಿ ಕ್ಷಮ್ಯ. ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಇಳಿಯುತ್ತಿದೆಯೆಂದು ಶಂಕಿಸಿ, ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೊರಡತಕ್ಕದ್ದು. ಆದರೆ ಇಲ್ಲಿಯೂ ಹೇತ್ವಾಭಾಸಗಳುಂಟು. ಗಿರಾಕಿ ಬರುವ ಮುನ್ನವೇ ಇಂಜಿನ್ನನ್ನು ಓಡಿಸಿ ಕಾಯಿಸಿಟ್ಟಿರುವುದು, ಮಂದವಾದ ಆಯಿಲನ್ನು ಹುಯ್ದು ಹೊಗೆಯನ್ನು ತಾತ್ಕಾಲಿಕವಾಗಿ ಅಡಗಿಸುವುದು, ಇವು ಗೌತಮಮಹರ್ಷಿಯ ಪಟ್ಟಿಯಲ್ಲಿ ಇಲ್ಲದವು. ಆದಕಾರಣ ಜಿಜ್ಞಾಸುವು ಮೊದಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತಂಪಾಗಿದೆಯೆಂದು ನಿಶ್ಚಯಿಸಿಕೊಂಡು, ಅನಂತರ ಸ್ಟಾರ್ಟ್ ಮಾಡಿಸಿ, ಆಯಿಲ್ ಹುಯ್ಯುವ ಮುಚ್ಚಳವನ್ನು ತೆಗೆದು ಬಾಯಿಯ ಮೇಲೆ ಹಸ್ತವನ್ನು ಹಿಡಿಯಬೇಕು. ಬಿಸಿಯುಸಿರು ಗುಬುಗುಬನೆ ಅಂಗೈಯನ್ನು ನೂಕಿದರೆ ಸಿಲಿಂಡರಿನೊಳಗಿನ ಒತ್ತಡವು ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆಯೆಂಬುದು ಪ್ರತ್ಯಕ್ಷಪ್ರಮಾಣದಿಂದಲೇ ಸಿದ್ಧ.

ಶಬ್ದಪ್ರಮಾಣವೆಂದರೆ ದಲ್ಲಾಳಿಯ ಮಾತು. “ಸಿಂಗಲ್ ಓನರ್ ಸಾರ್, ಬರೀ ತೆಂಗಿನಕಾಯಿ ಲೋಡು” ಎಂಬುದು ಈ ಸಂಪ್ರದಾಯದ ಮಹಾವಾಕ್ಯ. ತೊಟ್ಟಿಯ ಮೂಲೆಗಳಲ್ಲಿ ಇನ್ನೂ ಕುಳಿತಿರುವ ಜಲ್ಲಿಪುಡಿಯನ್ನು ಬೆರಳಿನಿಂದ ತೋರಿಸಿ ಆ ಆಪ್ತನನ್ನು ಮುಜುಗರಕ್ಕೆ ಈಡುಮಾಡುವುದು ಸಜ್ಜನಲಕ್ಷಣವಲ್ಲವಾದರೂ ಬೆಲೆಯಲ್ಲಿ ಹತ್ತು ಸಾವಿರ ಇಳಿಯುವ ಸಂಭವವಿದೆ.

ಮಾರ್ಪಾಟಿನ ಕಾಂಡಕ್ಕೆ ಬಂದರೆ, ಇಲ್ಲಿ ಪಂಡಿತರು ಎಡವುವುದು ಮಂಚದ ಅಳತೆಯಲ್ಲಿ ಅಲ್ಲ, ಕಮಾನುಪಟ್ಟಿಗಳಲ್ಲಿ. ಟನ್ನುಗಟ್ಟಲೆ ಭಾರವನ್ನು ಹೊರಲೆಂದು ಒಂದರ ಕೆಳಗೊಂದು ಜೋಡಿಸಿದ ಆ ಉಕ್ಕಿನ ಪಟ್ಟಿಗಳು ಒಂದು ಮಂಚ, ಒಂದು ಒಲೆ ಮತ್ತು ಇಬ್ಬರು ವೃದ್ಧರನ್ನು ಭಾರವೆಂದೇ ಗಣಿಸುವುದಿಲ್ಲ; ಬಾಗದ ಪಟ್ಟಿಯು ರಸ್ತೆಯ ಪ್ರತಿಯೊಂದು ಹಳ್ಳವನ್ನೂ ಅಖಂಡವಾಗಿ ಪ್ರಯಾಣಿಕನ ಬೆನ್ನುಮೂಳೆಗೆ ಒಪ್ಪಿಸುತ್ತದೆ. ಬಲ್ಲ ಮೇಸ್ತ್ರಿಯು ಕೆಲವು ಪಟ್ಟಿಗಳನ್ನು ಕಳಚಿಸುತ್ತಾನೆ. ಎರಡನೆಯದಾಗಿ, ಲಾರಿಯ ಚಾಸಿಯು ಕೆಟ್ಟ ದಾರಿಯಲ್ಲಿ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ, ಹಾಗೆ ತಿರುಚಿಕೊಳ್ಳಲೆಂದೇ ಅದನ್ನು ಮಾಡಿರುವುದು. ಹಳೆಯ ಬಾಡಿ ಕಟ್ಟುವವರು ಇದನ್ನರಿತು ಚಾಸಿಗೂ ಬಾಡಿಗೂ ನಡುವೆ ಮರದ ದಿಮ್ಮಿಯನ್ನಿಟ್ಟು ಯೂ-ಬೋಲ್ಟುಗಳಿಂದ ಬಿಗಿಯುತ್ತಿದ್ದರು. ಇದನ್ನು ತಿರಸ್ಕರಿಸಿ ಗೃಹಭಾಗವನ್ನು ಚಾಸಿಗೆ ನೇರವಾಗಿ ವೆಲ್ಡಿಂಗ್ ಮಾಡಿಸಿದ ಮಹನೀಯನ ಅಡುಗೆಮನೆಯ ಗೋಡೆಯಲ್ಲಿ ಮೊದಲನೆಯ ಘಾಟಿಯಲ್ಲೇ ಬಿರುಕು ಕಾಣಿಸಿಕೊಳ್ಳುವುದು. ಬಣ್ಣ, ಪರದೆ, ದೀಪಾಲಂಕಾರಗಳನ್ನು ಕುರಿತು ಬೇಕಾದಷ್ಟು ಸಾಹಿತ್ಯವಿದೆ, ನಾವು ಬರೆಯುವುದಿಲ್ಲ.

ಈಗ ಪ್ರಧಾನಪ್ರಶ್ನೆ. ಇಂಜಿನ್ ಒಂದು ಗುಜರಿಯದು, ಕ್ರೌನು-ಪಿನ್ನು ಇನ್ನೊಂದರದು, ಕ್ಯಾಬಿನ್ ಹೊಸದು, ತೊಟ್ಟಿ ಹೋಗಿ ಮನೆ ಬಂದಿದೆ. ಹಾಗಾದರೆ ಕೊಂಡ ಲಾರಿ ಎಲ್ಲಿದೆ? ರಥವೆಂಬುದು ಚಕ್ರವೇ, ಅಚ್ಚೇ, ನೊಗವೇ ಎಂದು ಭಿಕ್ಷು ನಾಗಸೇನನು ಯವನರಾಜ ಮಿಲಿಂದನನ್ನು ಕೇಳಿ, ಇವಾವುದೂ ಅಲ್ಲವೆಂಬ ಉತ್ತರವನ್ನು ಪಡೆದನಷ್ಟೆ. ಆ ಚರ್ಚೆಯು ಪ್ರಾದೇಶಿಕ ಸಾರಿಗೆ ಕಚೇರಿಯ ಆವರಣದಲ್ಲಿ ನಡೆದಿದ್ದರೆ ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು. ಲಾರಿಯ ಆತ್ಮವು ಚಾಸಿಯ ಉಕ್ಕಿನಲ್ಲಿ ಕೊರೆದ ಸಂಖ್ಯೆಯಲ್ಲಿದೆ. ಅದರ ಸಾಕ್ಷಾತ್ಕಾರಕ್ಕೆ ಸಾಧಕನು ಚಕ್ರದ ಪಕ್ಕದಲ್ಲಿ ಗೋಣಿಚೀಲ ಹಾಸಿ ಮಲಗಿ, ಗ್ರೀಸು ಮತ್ತು ತುಕ್ಕೆಂಬ ಆವರಣಗಳನ್ನು ಸೀಮೆಎಣ್ಣೆಯಿಂದಲೂ ಉಪ್ಪುಕಾಗದದಿಂದಲೂ ನಿವಾರಿಸಿ, ತೆಳುಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜುತ್ತಿರಲು, ಒಂದೊಂದೇ ಅಂಕೆಯು ಬೆಳ್ಳಗೆ ಮೂಡುತ್ತದೆ.

ಆದರೂ ಆತ್ಮವೊಂದಿದ್ದರೆ ಸಾಲದು, ಉಪಾಧಿಗಳೂ ದಾಖಲೆಗೆ ಹೊಂದಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ತಾತ್ಪರ್ಯ. ತಯಾರಕನು ಮೂಲದಲ್ಲಿ ಹೇಳಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾರ್ಪಡಿಸಕೂಡದೆಂಬುದನ್ನು ಕೇರಳದಿಂದ ಬಂದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಸಾರಿಗೆ ಕಚೇರಿಯ ಪೂರ್ವಾನುಮತಿಯಿಲ್ಲದೆ ತೊಟ್ಟಿಯ ಒಂದು ಬೋಲ್ಟನ್ನು ಬಿಚ್ಚುವುದೂ ಅವಿವೇಕ.

ಕೊನೆಯದಾಗಿ, ಗೃಹಿಣಿಯು ಮಂಡಿಸುವ ಪೂರ್ವಪಕ್ಷವೊಂದಿದೆ: “ಅಲ್ಲಾ ರೀ, ಇಷ್ಟು ದುಡ್ಡಲ್ಲಿ ಧರ್ಮಸ್ಥಳಕ್ಕೆ ಎಷ್ಟು ಸಲ ಹೋಗಿ ಬರಬಹುದಿತ್ತು? ನನಗಂತೂ ಸರ್ಕಾರಿ ಬಸ್ಸು ಫ್ರೀ.” ಈ ಆಕ್ಷೇಪವು ಪ್ರಬಲವಾದದ್ದೆಂದು ಒಪ್ಪಿ, ಅದರ ಖಂಡನೆಗೆಂದೇ ಎರಡನೆಯ ಸಂಪುಟವನ್ನು ಯೋಜಿಸಲಾಗಿತ್ತು; ಗೇರ್ ಬಾಕ್ಸ್ ಇಳಿಸಿರುವ ಕಾರಣ ಅದರ ಪ್ರಕಟಣೆಯು ಮುಂದಕ್ಕೆ ಹೋಗಿದೆ.